ಸ್ಟೀಲ್ ಡಬ್ಬಿಯ ಅರ್ಧ ಮಾತ್ರೆಗೆ ಒಂದು ಬಹಿರಂಗ ಪತ್ರ

ಅರ್ಧ ಮಾತ್ರೆಯೇ,

ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಎರಡೂ ಬದಿಯ ಎಷ್ಟೋ ಮನೆಗಳಲ್ಲಿ ನೀನಿದ್ದೀಯ. ಫ್ರಿಜ್ಜಿನ ತಲೆಯ ಮೇಲೆ, ದೇವರ ಫೋಟೊದ ಹಿಂದೆ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿ, ಸ್ಟೀಲಿನ ಪುಟ್ಟ ಡಬ್ಬಿಯೊಳಗೆ. ಡಬ್ಬಿಯ ಮೇಲೆ ಹೆಸರಿರುವುದಿಲ್ಲ. ಕೆಲವರು ನಿನ್ನನ್ನು ನಿದ್ದೆ ಮಾತ್ರೆ ಅನ್ನುತ್ತಾರೆ, ಕೆಲವರು ಟೆನ್ಷನ್ ಮಾತ್ರೆ, ನರದ ಮಾತ್ರೆ ಅನ್ನುತ್ತಾರೆ. ಹೆಚ್ಚಿನವರಿಗೆ ನೀನು ಬರೀ ‘ಸಣ್ಣ ಮಾತ್ರೆ’. ಸ್ಟ್ರಿಪ್ಪಿನ ಬೆನ್ನಲ್ಲಿ ಅಚ್ಚಾಗಿರುವ ಹೆಸರು ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್ ಅಥವಾ ಡಯಾಜೆಪಾಮ್. ಅದನ್ನು ಯಾರೂ ಓದುವುದಿಲ್ಲ. ಬ್ಲೇಡಿನಿಂದ ಎರಡು ತುಂಡು ಮಾಡಿ ಡಬ್ಬಿಗೆ ಹಾಕಿದ ಮೇಲೆ ಓದುವುದಕ್ಕೆ ಏನೂ ಉಳಿದಿರುವುದಿಲ್ಲ.

ಲಕೋಟೆಯಲ್ಲಿ ಹಾಕಿ ಕಳಿಸಿದರೆ ಈ ಕಾಗದವೂ ನಿನ್ನ ಜೊತೆ ಡಬ್ಬಿಯೊಳಗೇ ಉಳಿದೀತು ಎಂದು ಎಲ್ಲರೆದುರು ಬರೆಯುತ್ತಿದ್ದೇನೆ. ನಿನ್ನ ಮೇಲೆ ನನಗೆ ಸಿಟ್ಟಿದೆ. ಸಿಟ್ಟಿನ ಭರದಲ್ಲಿ ನಿನ್ನನ್ನು ಒಮ್ಮೆ ಕಸಕ್ಕೆ ಎಸೆದು ನಮ್ಮ ಮನೆ ಏನು ಕಂಡಿತು ಎಂಬುದೂ ಗೊತ್ತಿದೆ. ಆದ್ದರಿಂದ ಅವಸರ ಮಾಡದೆ ಹೇಳುತ್ತೇನೆ.

ನೀನು ನಮ್ಮ ಚಿಕ್ಕಿಯ ಮನೆಗೆ ಬಂದದ್ದು ಆಸಾಡಿಯ ಒಂದು ರಾತ್ರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಹೊತ್ತಿನಲ್ಲಿ ಕಡಲು ಸ್ವಲ್ಪ ಇಳಿದ ದಿನ ನೋಡಿ ನಾಡದೋಣಿಯವರು ಹೋಗುತ್ತಾರೆ. ಚಿಕ್ಕಪ್ಪ ಹೋದದ್ದೂ ಹಾಗೆಯೇ. ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಜೊತೆಗಿದ್ದವರು ಈಜಿ ಬಂದರು, ಚಿಕ್ಕಪ್ಪ ಮರುದಿನ ದಡಕ್ಕೆ ಬಂದರು. ಆ ರಾತ್ರಿ ಮನೆ ತುಂಬ ಜನ. ಚಿಕ್ಕಿಯ ಅಳು ನಿಲ್ಲಲೇ ಇಲ್ಲ. “ಪಾಪ, ಮರ್ಕಿ ಮರ್ಕಿ ಸುಸ್ತಾಯ್ತ್. ಒಂದ್ ಅರ್ಧ ಮಾತ್ರಿ ಕೊಡಿ, ಒಂಚೂರ್ ನಿದ್ರಿ ಆಯ್ಲಿ” ಎಂದು ಯಾರೋ ಅಂದರು. ಅಂದವರಲ್ಲಿ ಕೆಟ್ಟ ಮನಸ್ಸು ಒಂದಿಷ್ಟೂ ಇರಲಿಲ್ಲ. ನಾನೇ ಓಡಿ ಹೋಗಿ ತಂದೆ. ಪರಿಚಯದ ವೈದ್ಯರು ಕೊಟ್ಟ ಚೀಟಿಯಲ್ಲಿ ಬರೆದದ್ದು ಐದು ದಿನಕ್ಕೆ ಮಾತ್ರ.

ಉತ್ತರಕ್ರಿಯೆಯ ಬೊಜ್ಜದವರೆಗೆ ಮನೆಯಲ್ಲಿ ಜನವಿತ್ತು. ಆಮೇಲೆ ಒಬ್ಬೊಬ್ಬರೇ ಹೋದರು. ನೀನು ಉಳಿದೆ, ಹನ್ನೊಂದು ವರ್ಷ.

ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ, ಆಘಾತ ಮತ್ತು ಸಾವಿನ ದುಃಖದಲ್ಲಿ ಇರುವವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಮಾರ್ಗಸೂಚಿ ಹೊರಡಿಸಿತು. ನೀನು ಸೇರಿರುವ ಬೆಂಜೊಡಯಜೆಪೀನ್ ವರ್ಗದ ಮಾತ್ರೆಗಳನ್ನು ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದು ಕೊಡಬಾರದು, ಬೇರೆ ಮಾನಸಿಕ ಕಾಯಿಲೆ ಇಲ್ಲದ ಮನುಷ್ಯ ಬರೀ ದುಃಖದಲ್ಲಿದ್ದರೆ ಕೊಡಲೇಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಚಿಕ್ಕಿಯ ಒಂದು ಮಾತು. ಬೊಜ್ಜಕ್ಕೆ ಯಾರು ಬಂದಿದ್ದರು, ಯಾರು ಕೈ ಹಿಡಿದು ಕೂತಿದ್ದರು, ಅವಳಿಗೆ ಒಂದೂ ನೆನಪಿಲ್ಲ. ನೀನು ಹೊಸ ನೆನಪನ್ನು ಮೂಡಗೊಡುವುದಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಅದೇ ನಿನ್ನ ದೊಡ್ಡ ಗುಣ. ಆದರೆ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಊರು ಬಂದು ಕೈ ಹಿಡಿದು ಕೂತದ್ದು ನೆನಪಿರಬೇಕಿತ್ತು. ಮುಂದಿನ ವರ್ಷಗಳನ್ನು ಅವಳು ದಾಟಬೇಕಿದ್ದದ್ದು ಆ ನೆನಪಿನ ಬಲದಿಂದ.

ಹೆದರಿಕೆಯ ಬಗ್ಗೆ ನಿನ್ನ ಹತ್ತಿರ ಸ್ವಲ್ಪ ಮಾತಾಡಬೇಕು. ನಮ್ಮಲ್ಲಿ ಆತಂಕದ ಕಾಯಿಲೆ ತನ್ನ ಹೆಸರು ಹೇಳಿಕೊಂಡು ಬರುವುದು ಕಡಿಮೆ. ಅದು ಗ್ಯಾಸ್ಟ್ರಿಕ್ ಆಗಿ ಬರುತ್ತದೆ, ‘ಬಿಪಿ ಲೋ’ ಆಗಿ ಬರುತ್ತದೆ, ಎದೆ ಡವಡವ ಆಗಿ, ಕೈಕಾಲು ತಣ್ಣಗಾಗಿ, ಉಸಿರು ಮೇಲೆ ಸಿಕ್ಕಿಕೊಂಡು ಬರುತ್ತದೆ. ಪ್ಯಾನಿಕ್ ಅಟ್ಯಾಕ್ ಬಂದವರು ಸಾಯುತ್ತೇನೆ ಎಂದೇ ನಂಬುತ್ತಾರೆ. ರಾತ್ರಿ ಹನ್ನೆರಡಕ್ಕೆ ರಿಕ್ಷಾ ಕಟ್ಟಿಕೊಂಡು ಆಸ್ಪತ್ರೆಗೆ ಓಡುತ್ತಾರೆ, ಇಸಿಜಿ ನಾರ್ಮಲ್ ಬರುತ್ತದೆ. “ಎಂತದೂ ಇಲ್ಲ, ಬರೀ ಹೆದ್ರಿಕಿ” ಎಂದು ಮನೆಗೆ ಕಳಿಸುತ್ತಾರೆ. ‘ಬರೀ’ ಎಂಬ ಆ ಮಾತು ರೋಗಿಯ ಮೇಲೆ ಬಿದ್ದ ಎರಡನೇ ಪೆಟ್ಟು. ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರುವಷ್ಟು ಏರಿ ತಾನಾಗಿಯೇ ಇಳಿಯುತ್ತದೆ, ಅದರಿಂದ ಹೃದಯ ನಿಲ್ಲುವುದಿಲ್ಲ ಎಂದು ಕೂರಿಸಿ ಹೇಳುವ ಒಬ್ಬರು ಸಿಕ್ಕಿದ್ದರೆ ಎಷ್ಟೋ ಜನರಿಗೆ ಆ ರಾತ್ರಿ ನಿನ್ನ ಪರಿಚಯವೇ ಆಗುತ್ತಿರಲಿಲ್ಲ.

ಆಘಾತದಿಂದ ಹುಟ್ಟಿದ ಕಾಯಿಲೆ ಇನ್ನೊಂದು ಬಗೆ. 1980ರಲ್ಲಿ ಅಮೆರಿಕದ ಮನೋವೈದ್ಯರು ಅದನ್ನು ತಮ್ಮ ರೋಗಪಟ್ಟಿಗೆ ಸೇರಿಸಿದರು. ಈಗ ಪಿಟಿಎಸ್‌ಡಿ ಎಂದರೆ ಇಲ್ಲಿಯ ಕಾಲೇಜು ಮಕ್ಕಳಿಗೂ ಗೊತ್ತು. ಉಳಿದ ನೆನಪುಗಳು ಕಾಲ ಕಳೆದಂತೆ ಹಳತಾಗುತ್ತವೆ, ಈ ನೆನಪು ಹಳತಾಗುವುದಿಲ್ಲ. ಕಣ್ಣು ಮುಚ್ಚಿದರೆ ನಡೆದದ್ದು ಈಗಲೇ ನಡೆಯುತ್ತದೆ. ಸಣ್ಣ ಸದ್ದಿಗೆ ಮೈ ಬೆಚ್ಚುತ್ತದೆ. ನೆನಪಾಗಬಾರದೆಂದು ಆ ದಾರಿ, ಆ ವಾಸನೆ, ಆ ಮಾತು ಎಲ್ಲದರಿಂದ ತಪ್ಪಿಸಿಕೊಳ್ಳುತ್ತ ಬದುಕು ಸಣ್ಣದಾಗುತ್ತ ಬರುತ್ತದೆ. ಹೀಗೆ ತಿಂಗಳಿಗೂ ಮೀರಿ ಉಳಿದು ಬದುಕನ್ನು ಕೆಡಿಸಿದರೆ ಅದಕ್ಕೆ ಕಾಯಿಲೆಯ ಹೆಸರು. ಚಿಕ್ಕಿ ಹನ್ನೊಂದು ವರ್ಷ ಅಳಿವೆಯ ಕಡೆ ತಲೆ ಹಾಕಲಿಲ್ಲ. ಮೀನು ಮಾರುತ್ತಿದ್ದವಳು ಮೀನಿನ ಬುಟ್ಟಿ ಮುಟ್ಟಲಿಲ್ಲ. ಬೆಳಗಿನ ಜಾವ ಫೋನು ರಿಂಗಾದರೆ ಅವಳ ಕೈಯ ಲೋಟ ಬೀಳುತ್ತಿತ್ತು. ‘ಮಾತ್ರೆ ತಗೊಳ್ತಾಳಲ್ಲ’ ಎಂದು ನಾವೆಲ್ಲ ಸುಮ್ಮನಿದ್ದೆವು. ನೀನು ಚಿಕಿತ್ಸೆ ಎಂದು ನಾವು ತಿಳಿದಿದ್ದೆವು. ನೀನಿದ್ದದ್ದರಿಂದ ಚಿಕಿತ್ಸೆ ಬರಲಿಲ್ಲ.

ಇದು ಒಂದು ಮನೆಯ ಕತೆಯಲ್ಲ. 2016ರ ಜೂನ್ 21ರ ಬೆಳಿಗ್ಗೆ ತ್ರಾಸಿ ಹತ್ತಿರ ಶಾಲೆಯ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. ಶಾಲೆಗೆಂದು ತಲೆ ಬಾಚಿ ಕಳಿಸಿದ ಮಕ್ಕಳು. ಆ ಸುದ್ದಿ ಬಂದ ದಿನ ನಮ್ಮ ಕಡೆ ಒಲೆ ಹಚ್ಚದ ಮನೆಗಳು ಆ ಮಕ್ಕಳವು ಮಾತ್ರ ಆಗಿರಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರ ಸಮೇತ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣದಾಚೆಯ ಸಮುದ್ರತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆಮಾಡಿದಾಗ 2019ರ ಮೇ ಬಂದಿತ್ತು. ಆ ನಡುವಿನ ತಿಂಗಳುಗಳನ್ನು ಲೆಕ್ಕ ಹಾಕು. ಹೆಣವಿಲ್ಲ, ಬೊಜ್ಜವಿಲ್ಲ, ಕುಂಕುಮ ಇಡಬೇಕೋ ಬೇಡವೋ ಗೊತ್ತಿಲ್ಲ. 2020ರ ಮೇಯಲ್ಲಿ ಮುಂಬೈಯ ಹೋಟೆಲುಗಳ ಬಾಗಿಲು ಮುಚ್ಚಿ ಊರಿಗೆ ಬಂದವರನ್ನು ಇಲ್ಲಿಯ ಶಾಲೆಗಳಲ್ಲಿ ಕ್ವಾರಂಟೈನ್ ಮಾಡಿದ್ದರು. ತಾವು ಕಲಿತ ಶಾಲೆಯ ಬೆಂಚಿನ ಮೇಲೆ ಮಲಗಿ, ತಮ್ಮೂರಿನವರೇ ತಮ್ಮನ್ನು ಕಂಡು ಹೆದರುವುದನ್ನು ಕಿಟಕಿಯಿಂದ ನೋಡಿದವರು ಅವರು. ಇಂಥ ರಾತ್ರಿಗಳ ಮರುದಿನ ನಮ್ಮ ಊರು ಅಕ್ಕಿ ಕೊಡುತ್ತದೆ, ಹಣ ಒಟ್ಟುಮಾಡುತ್ತದೆ, ಮಂತ್ರಿಗಳನ್ನು ಕರೆಸುತ್ತದೆ. ಮನಸ್ಸಿಗೆ ಎಂದು ಕೊಡುವುದಕ್ಕೆ ನಮ್ಮ ಕೈಯಲ್ಲಿದ್ದದ್ದು ನೀನೊಬ್ಬನೇ.

ಹೆದರಿಕೆ ನೂಲು ಕಟ್ಟಿಸುವವರನ್ನೂ ದೈವದ ದರ್ಶನದಲ್ಲಿ ನುಡಿ ಕೇಳುವವರನ್ನೂ ನಾನು ಹೀಗಳೆಯುವುದಿಲ್ಲ. ಪಾತ್ರಿಯ ಎದುರು ನಿಂತು ‘ನನಗೆ ಹೀಗೆ ಆಗುತ್ತಿದೆ’ ಎಂದು ನಾಲ್ಕು ಜನರ ನಡುವೆ ಬಾಯಿಬಿಡುವ ಅವಕಾಶವಾದರೂ ಅಲ್ಲಿದೆ. ನಿನ್ನ ಹತ್ತಿರ ಅದೂ ಇಲ್ಲ. ನೀನು ಬಾಯಿ ಮುಚ್ಚಿಸಿ ಮಲಗಿಸುತ್ತೀಯ.

ಹೇಗೆ ಮಲಗಿಸುತ್ತೀಯ ಎಂದೂ ಈಗ ತಿಳಿದಿದೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಅಬ್ಬರಕ್ಕೆ ಅದು ತಡೆ. ನೀನು ಆ ತಡೆಯನ್ನು ಬಲಪಡಿಸುತ್ತೀಯ. ನಮ್ಮ ಹೊಳೆಗಳ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಹಾಗೆ. ಹಲಗೆ ಹಾಕಿದೊಡನೆ ಕೆಳಗೆ ನೀರಿನ ರಭಸ ನಿಲ್ಲುತ್ತದೆ, ಎದೆ ತಣ್ಣಗಾಗುತ್ತದೆ. ಆದರೆ ವಾರ ಕಳೆಯುವುದರೊಳಗೆ ಮಿದುಳು ನಿನಗೆ ಒಗ್ಗಿಕೊಳ್ಳತೊಡಗುತ್ತದೆ. ತನ್ನ ಸ್ವಂತ ತಡೆಯನ್ನು ಸಡಿಲ ಬಿಡುತ್ತದೆ, ಮೇಲೆ ನೀರು ಏರುತ್ತದೆ, ಇನ್ನೊಂದು ಹಲಗೆ ಬೇಕಾಗುತ್ತದೆ. ಚಿಕ್ಕಿಯ ಅರ್ಧ ಎರಡನೇ ವರ್ಷ ಒಂದಾಯಿತು, ಐದನೇ ವರ್ಷ ಬೆಳಿಗ್ಗೆ ಅರ್ಧ ರಾತ್ರಿ ಎರಡಾಯಿತು. ಬಾಯಲ್ಲಿ ಮಾತ್ರ ಕೊನೆಯವರೆಗೂ ‘ಅರ್ಧ ಮಾತ್ರಿ’.

ಮುಂದೆ ಬಂದದ್ದು ಯಾವುದೂ ನಿನ್ನ ಹೆಸರಿನಲ್ಲಿ ಬರಲಿಲ್ಲ. ಬೆಳಗಿನ ಮಂಪರಿನಲ್ಲಿ ಬಚ್ಚಲುಮನೆಯಲ್ಲಿ ಬಿದ್ದು ಮಣಿಕಟ್ಟು ಮುರಿಯಿತು. ‘ನೆಲ ಜಾರಿತು’ ಅಂದೆವು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು. ‘ಅರಳುಮರಳು’ ಅಂದೆವು, ಆಗ ಅವಳಿಗೆ ಅರವತ್ತೂ ಆಗಿರಲಿಲ್ಲ. ವಯಸ್ಸಾದವರಲ್ಲಿ ನೀನು ಬೀಳುವ, ಸೊಂಟದ ಮೂಳೆ ಮುರಿಯುವ ಅಪಾಯವನ್ನು ಹೆಚ್ಚಿಸುತ್ತೀಯ ಎಂದು ವೃದ್ಧರ ವೈದ್ಯಶಾಸ್ತ್ರ ಎಷ್ಟೋ ವರ್ಷದಿಂದ ಹೇಳುತ್ತ ಬಂದಿದೆ. ಇನ್ನು ಮದ್ಯ ಕುಡಿದು ಬಂದವರು ನಿನ್ನನ್ನೂ ನುಂಗಿ ಮಲಗುವ ಮನೆಗಳಿವೆ. ನೀವಿಬ್ಬರೂ ಸೇರಿದರೆ ಉಸಿರಾಟವೇ ತಗ್ಗಿಹೋಗಿ ಮನುಷ್ಯ ಬೆಳಿಗ್ಗೆ ಏಳದೇ ಇರಬಹುದು. ಬಲವಾದ ನೋವಿನ ಮಾತ್ರೆಗಳ ಜೊತೆಗೂ ಇದೇ ಭಯ.

ಕಾನೂನು ನಿನ್ನನ್ನು ಗುರುತಿಸಿದೆ. ಆಲ್ಪ್ರಜೋಲಾಮ್, ಡಯಾಜೆಪಾಮ್ ಎರಡೂ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಎಚ್1’ ಪಟ್ಟಿಯಲ್ಲಿವೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಇರಬೇಕು. ಚೀಟಿಯಿಲ್ಲದೆ ಕೊಡುವಂತಿಲ್ಲ. ಮೆಡಿಕಲ್ ಶಾಪಿನವರು ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಲೆಕ್ಕ ಎಲ್ಲ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಾನು ಹನ್ನೊಂದು ವರ್ಷ ಅದೇ ಹಳದಿಯಾದ ಐದು ದಿನದ ಚೀಟಿ ಮಡಚಿಕೊಂಡು ಹೋದೆ. ಕೊನೆಕೊನೆಗೆ ಚೀಟಿಯೂ ಬೇಕಾಗಲಿಲ್ಲ, ನನ್ನ ಮುಖ ಸಾಕಾಗುತ್ತಿತ್ತು. ಕೊಟ್ಟವರದು ಎಷ್ಟು ತಪ್ಪೋ ತಂದ ನನ್ನದೂ ಅಷ್ಟೇ ತಪ್ಪು.

ಹನ್ನೊಂದನೇ ವರ್ಷ ಬೆಂಗಳೂರಿನಿಂದ ಬಂದ ಸೊಸೆ ಡಬ್ಬಿ ತೆರೆದು ನೋಡಿದಳು. ಓದಿದ ಹುಡುಗಿ, ಅತ್ತೆಯ ಮೇಲೆ ಪ್ರೀತಿಯಿದ್ದವಳು. “ಇದು ಚಟದ ಮಾತ್ರೆ ಅತ್ತೆ, ಇವತ್ತಿಂದ ಬೇಡ” ಎಂದು ಅಷ್ಟನ್ನೂ ಎಸೆದಳು. ಮೊದಲ ರಾತ್ರಿ ಚಿಕ್ಕಿ ಮಲಗಲಿಲ್ಲ. ಎರಡನೇ ದಿನ ಕೈ ನಡುಗಿತು, ಮೈ ಬೆವರಿತು, ಗೋಡೆಯ ಮೇಲೆ ಏನೋ ಹರಿದಾಡುತ್ತಿದೆ ಅಂದಳು. ದೆವ್ವದ ಸೋಂಕು ಎಂದು ನೆರೆಮನೆಯವರು ಅಂದರು. ಮೂರನೇ ಬೆಳಿಗ್ಗೆ ಫಿಟ್ಸ್ ಬಂತು. ಅಂಗಳದ ತುಳಸಿಕಟ್ಟೆಯ ಬುಡದಲ್ಲಿ ಅವಳು ಬಿದ್ದು ಒದ್ದಾಡಿದ್ದನ್ನು ನಾನು ಕಂಡಿದ್ದೇನೆ.

ಇದನ್ನು ಓದುವ ಯಾರಾದರೂ ಈ ಕ್ಷಣ ತಮ್ಮ ಮನೆಯ ಡಬ್ಬಿಯ ಕಡೆ ಕೈ ಚಾಚಿದ್ದರೆ, ದಯವಿಟ್ಟು ಕೈ ಹಿಂದಕ್ಕೆ ತೆಗೆಯಿರಿ. ತಿಂಗಳುಗಟ್ಟಲೆ ತೆಗೆದುಕೊಂಡ ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಜೀವವೂ ಹೋಗಬಹುದು. 2015ರಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಹೆಂಡದ ಮೇಲೆ ಸರ್ಕಾರ ದಾಳಿ ಮಾಡಿದಾಗ ಇದೇ ಆಯಿತು. ಆ ಹೆಂಡಕ್ಕೆ ಆಲ್ಪ್ರಜೋಲಾಮ್, ಡಯಾಜೆಪಾಮ್ ಬೆರೆಸುತ್ತಿದ್ದರು. ಕುಡಿಯುವವರಿಗೆ ತಾವು ಮಾತ್ರೆಗೆ ಬಿದ್ದಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಹೆಂಡ ಸಿಗದಾದ ಎರಡು ಮೂರು ದಿನದಲ್ಲಿ ಆಸ್ಪತ್ರೆಗಳಿಗೆ ನಡುಗುತ್ತ, ಒದರುತ್ತ ಜನ ಬಂದರು. ತೆಲಂಗಾಣದ ಗಡಿಗೆ ತಾಗಿದ ನಮ್ಮ ರಾಯಚೂರಿನ ಕಡೆಯ ಹಳ್ಳಿಗಳಿಗೂ ಈ ಕಲಬೆರಕೆ ಹೊಸದಲ್ಲ.

ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಒಂದೇ ಸಲ ಕೀಳುವುದಿಲ್ಲ. ಕಿತ್ತರೆ ಕೆಳಗಿನ ಗದ್ದೆ ಉಳಿಯುವುದಿಲ್ಲ. ಚಿಕ್ಕಿಯನ್ನು ನೋಡಿದ ಮನೋವೈದ್ಯರು ಮೊದಲು ಮಾಡಿದ ಕೆಲಸ ನಿನ್ನನ್ನು ಮತ್ತೆ ಕೊಟ್ಟದ್ದು. ಆಮೇಲೆ ಎರಡು ಮೂರು ವಾರಕ್ಕೊಮ್ಮೆ ಇರುವುದರಲ್ಲಿ ಹತ್ತರಲ್ಲೊಂದು ಪಾಲಿನಷ್ಟು, ಕೆಲವು ಸಲ ಅದಕ್ಕೂ ಕಡಿಮೆ ಇಳಿಸಿದರು. ನಿದ್ದೆ ಕೆಟ್ಟ ತಿಂಗಳು ಇಳಿಸದೆ ಅಲ್ಲೇ ನಿಂತರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ಪ್ರಾಧ್ಯಾಪಕಿ 1982ರಿಂದ ಹನ್ನೆರಡು ವರ್ಷ ನಿನ್ನನ್ನು ಬಿಡಿಸುವುದಕ್ಕೆಂದೇ ಒಂದು ಕ್ಲಿನಿಕ್ ನಡೆಸಿದ್ದರು. ರೋಗಿಗಳು ಹೇಳಿದ್ದನ್ನು ಕೇಳಿಸಿಕೊಂಡೇ ಆಕೆ ಈ ನಿಧಾನದ ದಾರಿಯನ್ನು ಬರೆದಿಟ್ಟದ್ದು. ನಮ್ಮ ಚಿಕ್ಕಿಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಆ ಹದಿನಾಲ್ಕು ತಿಂಗಳಲ್ಲಿ ಜೊತೆಜೊತೆಗೆ ಇನ್ನೊಂದು ಕೆಲಸ ನಡೆಯಿತು. ಸೆರ್ಟ್ರಲೀನ್ ಎಂಬ ಬೇರೆ ಮಾತ್ರೆ ಶುರುಮಾಡಿದರು. ಅದರ ಗುಣ ಕಾಣಲು ಕೆಲವು ವಾರ ಬೇಕು, ನಿನ್ನ ಹಾಗೆ ಅರ್ಧ ಗಂಟೆಯಲ್ಲಿ ಮಂಪರು ತರುವುದಿಲ್ಲ. ಅದನ್ನೂ ಬಿಡುವಾಗ ಕೇಳಿಯೇ ಬಿಡಬೇಕು. ಅದಕ್ಕಿಂತ ದೊಡ್ಡದು ಮಾತಿನ ಚಿಕಿತ್ಸೆ. ಆಘಾತವಾದ ದಿನವೇ ಬಂದು ‘ಏನಾಯ್ತು ಹೇಳು’ ಎಂದು ಕೆದಕುವುದು ಒಳ್ಳೆಯದಲ್ಲ. ಆಗ ಬೇಕಾದದ್ದು ಅನ್ನ, ನೀರು, ಪಕ್ಕದಲ್ಲೊಂದು ಜೀವ, ಹೇಳಿದರೆ ಕೇಳುವ ಕಿವಿ. ಬಹಳ ಜನ ಅಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದವರನ್ನು, ಕಲಿತವರು ಕೂತು, ಕೈ ಹಿಡಿದು ಆ ನೆನಪಿನ ಒಳಗೇ ನಿಧಾನವಾಗಿ ನಡೆಸಿಕೊಂಡು ಹೋಗುತ್ತಾರೆ. ನೆನಪಿಗೆ ಹೋಗಿ ಬಂದರೂ ಸಾಯುವುದಿಲ್ಲ ಎಂದು ಮಿದುಳು ಕಲಿಯಬೇಕು. ನೀನು ಮಂಕು ಕವಿಸಿದ್ದರೆ ಅದು ಕಲಿಯುವುದಾದರೂ ಹೇಗೆ? ಒಂದು ದಿನ ಚಿಕ್ಕಿ ಹೇಳಿದಳು. ಆ ಬೆಳಿಗ್ಗೆ ಚಿಕ್ಕಪ್ಪ ಗಂಜಿ ಬಿಸಿ ಇದೆ ಎಂದು ಉಣ್ಣದೆ ಎದ್ದಿದ್ದರಂತೆ. “ಬಂದ್ ಉಣ್ತೆ” ಎಂದಿದ್ದರಂತೆ. ಗಂಜಿ ಆರುವವರೆಗೆ ನಿಲ್ಲಿಸಿಕೊಳ್ಳಲಿಲ್ಲವಲ್ಲ ಎಂಬುದು ಹನ್ನೊಂದು ವರ್ಷ ಅವಳ ಗಂಟಲಲ್ಲಿತ್ತು. ಇಷ್ಟು ಚಿಕ್ಕ ಮಾತು. ನೀನು ಪ್ರತಿ ರಾತ್ರಿ ಅದರ ಮೇಲೆ ಮುಚ್ಚಳ ಹಾಕುತ್ತಿದ್ದೆ.

ನಿನಗೆ ಅನ್ಯಾಯ ಮಾಡುವುದು ನನಗೆ ಬೇಡ. ಲಿಯೊ ಸ್ಟರ್ನ್‌ಬಾಕ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಿಂದ ನಿನ್ನ ಅಣ್ಣ ಲಿಬ್ರಿಯಮ್ 1960ರಲ್ಲಿ, ಇನ್ನೊಬ್ಬ ವೇಲಿಯಮ್ 1963ರಲ್ಲಿ ಅಂಗಡಿಗೆ ಬಂದಾಗ ಅದಕ್ಕೂ ಮುಂಚಿನ ನಿದ್ದೆ ಔಷಧಗಳಿಗಿಂತ ನೀವೇ ಸುರಕ್ಷಿತರಾಗಿದ್ದಿರಿ. ನಿಲ್ಲದ ಫಿಟ್ಸ್ ಬಂದ ಮಗುವಿಗೆ ನಿಮ್ಮ ಕುಲದ ಔಷಧಿಯೇ ಪ್ರಾಣ ಉಳಿಸುತ್ತದೆ. ಕುಡಿತ ಬಿಟ್ಟವನ ನಡುಕಕ್ಕೆ ಆಸ್ಪತ್ರೆಯಲ್ಲಿ ನೀವೇ ಬೇಕು. ತೀರ ಅಸಾಧ್ಯವಾದ ಆತಂಕಕ್ಕೆ ಎರಡರಿಂದ ನಾಲ್ಕು ವಾರ, ಅಷ್ಟೇ, ಎಂದು ಬ್ರಿಟನ್ನಿನ ಔಷಧ ಸುರಕ್ಷಾ ಸಮಿತಿ 1988ರಲ್ಲೇ ಹೇಳಿತ್ತು. ನೀನು ಬಂದದ್ದರ ಬಗ್ಗೆ ನನ್ನ ತಕರಾರು ಚಿಕ್ಕದು. ಹೋಗುವ ದಿನ ಯಾವುದು ಎಂದು ನಿನ್ನನ್ನು ಕರೆದ ಯಾರೂ ಹೇಳದೇ ಇದ್ದದ್ದು ನನ್ನನ್ನು ಸುಡುತ್ತದೆ.

ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಕಾಯಿಲೆ ಇರುವವರಲ್ಲಿ ಶೇ. 85ರಷ್ಟು ಜನಕ್ಕೆ ಚಿಕಿತ್ಸೆ ತಲುಪಿರಲಿಲ್ಲ. ಆದರೂ ದಾರಿಗಳಿವೆ, ನಮಗೆ ಹತ್ತಿರದಲ್ಲೇ ಇವೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡಲೆಂದು ರಾಜ್ಯ ಸರ್ಕಾರ ‘ಮನೋಚೈತನ್ಯ’ ಯೋಜನೆ ಮಾಡಿತು. ಕುಂದಾಪುರದ ಸರ್ಕಾರಿ ಆಸ್ಪತ್ರೆಯಲ್ಲೋ, ಬೈಂದೂರು, ಬ್ರಹ್ಮಾವರದ ಸರ್ಕಾರಿ ಆಸ್ಪತ್ರೆಗಳಲ್ಲೋ ಯಾವತ್ತು ನೋಡುತ್ತಾರೆ ಎಂದು ಕೇಳುವುದಕ್ಕೆ ನಾಚಿಕೆ ಬೇಡ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಎ.ವಿ. ಬಾಳಿಗಾ ಆಸ್ಪತ್ರೆ ಇದೆ, ಮಣಿಪಾಲದ ಆಸ್ಪತ್ರೆ ಇದೆ. ಕಡಲ ಬದಿಯ ಮನೆಯಿಂದ ಹೊರಗೆ ಕಾಲಿಡಲಾಗದವರಿಗೆ 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ, ರಾತ್ರಿಯೂ ಮಾತಾಡಬಹುದು. ನಡುರಾತ್ರಿ ಎರಡು ಗಂಟೆಗೆ ಡಬ್ಬಿ ತೆರೆಯುವ ಕೈಗೆ ಈ ಐದು ಅಂಕಿ ಗೊತ್ತಿರಲಿ ಎಂದೇ ಚಿಕ್ಕಿಯ ಮನೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿದ್ದೇನೆ.

ಚಿಕ್ಕಿಗೆ ಈಗಲೂ ಕೆಲವು ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. ಜಗಲಿಗೆ ಬಂದು ಕೂರುತ್ತಾಳೆ. ಕಡಲಿನ ಸದ್ದು ಕೇಳುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆಮೇಲೆ ಇಳಿಯುತ್ತದೆ. ಬೆಳಗಾದರೆ ಮೀನಿನ ಬುಟ್ಟಿ ಎತ್ತುತ್ತಾಳೆ.

ಈ ಮಂಗಳವಾರ ಅವಳನ್ನು ಕುಂದಾಪುರಕ್ಕೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದೇನೆ. ನೆರೆಮನೆಯ ಹೆಂಗಸೂ ಬರುತ್ತೇನೆ ಅಂದಿದ್ದಾಳೆ; ನಾಲ್ಕು ವರ್ಷದಿಂದ ಅವಳ ಡಬ್ಬಿಯಲ್ಲೂ ನೀನಿದ್ದೀಯ. ಮಾತ್ರೆ ಬಿಸಾಡಿಯೇ ಬರುತ್ತೇನೆ ಎಂದು ನಿನ್ನೆ ಬೇಲಿಯ ಆಚೆಯಿಂದ ಹೇಳಿದಳು. ಒಣಗಿಸಲು ಹಾಕಿದ್ದ ಮೀನಿನ ಚಾಪೆ ಬಿಟ್ಟು ಚಿಕ್ಕಿ ಎದ್ದು ನಿಂತಳು.

“ಬಿಸಾಡುಕಾಗ. ಡಬ್ಬಿ ಸಮೇತ ಹಿಡ್ಕಂಡ್ ಬಾ.”

ಇಂತಿ,
ಹನ್ನೊಂದು ವರ್ಷ ನಿನ್ನನ್ನು ಹೊತ್ತು ತಂದ ಮನೆಯವ